ಬೆಲ್ಮಾನಿಯಾದಿಂದ ನೇರ ಪ್ರಸಾರ

ಬೆಲ್ಮಾನಿಯಾ ಎಂಬ ದೇಶ ಯಾವ ಭೂಪಟದಲ್ಲೂ ಇಲ್ಲ. ಆದರೂ ಆ ದೇಶದ ಕಾರು ರೇಸಿನಲ್ಲಿ ಯಾವ ವರ್ಷ ಯಾರು ಗೆದ್ದರು, ಯಾರ ಟೈರು ಯಾವ ತಿರುವಿನಲ್ಲಿ ಒಡೆಯಿತು, ಯಾವ ಡ್ರೈವರನ ತಾಯಿಗೆ ಮಗ ರೇಸಿಗೆ ಹೋಗುವುದು ಇಷ್ಟವಿರಲಿಲ್ಲ ಎಂದೆಲ್ಲ ಕೇಳಿದರೆ ನಾನು ತಡವರಿಸದೆ ಹೇಳಬಲ್ಲೆ. ನಾನೊಬ್ಬಳೇ ಅಲ್ಲ, ದೋಹಾದಿಂದ ಮೆಸಯೀದ್ ಎಂಬ ಕಾರ್ಖಾನೆಗಳ ಊರಿಗೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ ಓಡಾಡಿದ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ.

ಆ ದೇಶವನ್ನು ಕಟ್ಟಿದವರು ಹೋದ ತಿಂಗಳು ಊರಿನಲ್ಲಿ ತೀರಿಕೊಂಡರು. ಮಧ್ಯಾಹ್ನ ಗಂಜಿ ಊಟ ಮುಗಿಸಿ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಅವರ ಫೋನಿನಿಂದಲೇ ಮಗಳು ಕಳಿಸಿದ ಸುದ್ದಿ ನಮ್ಮ ಬಸ್ಸಿನ ವಾಟ್ಸಾಪ್ ಗುಂಪಿಗೆ ಬಂತು. ಆಮೇಲೆ ನೇಪಾಳದ ಇನ್ಸುಲೇಶನ್ ಕೆಲಸಗಾರನೊಬ್ಬ, ರೇಸ್ ಮುಗಿದಾಗ ಬೀಸುತ್ತಾರಲ್ಲ, ಆ ಕಪ್ಪು ಬಿಳಿ ಚೌಕಳಿ ಬಾವುಟದ ಚಿತ್ರವನ್ನು ಹಾಕಿದ. ಅದರ ಕೆಳಗೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ಬಾವುಟ ಹಾಕಿದರು. ಅವರ ಮಗಳು ಇದನ್ನು ನೋಡಿ ಏನು ತಿಳಿದುಕೊಂಡಳೋ ಎಂದು ನನಗೆ ಕಸಿವಿಸಿಯಾಯಿತು. ಅವಳಿಗೆ ಫೋನ್ ಮಾಡಿ ವಿವರಿಸಲು ಹೋದೆ. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮ್ಮ ಪೆಟ್ರೋಕೆಮಿಕಲ್ ಪ್ಲಾಂಟಿನ ಡಾಕ್ಯುಮೆಂಟ್ ವಿಭಾಗದಲ್ಲಿ ಕ್ಲಾರ್ಕ್ ಆಗಿದ್ದರು. ನಾನು ಅದೇ ಪ್ಲಾಂಟಿನ ಲ್ಯಾಬಿನಲ್ಲಿ ಅನಾಲಿಸ್ಟ್. ಅವರು ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ನಾನು ಪುತ್ತೂರಿನ ಕಡೆಯ ತುಳುವಳು. ಬಸ್ಸಿನಲ್ಲಿದ್ದ ನಮ್ಮ ಕಡೆಯ ಗಂಡಸರು ಅವರನ್ನು, ಕ್ರೈಸ್ತರನ್ನು ಗೌರವದಿಂದ ಕರೆಯುವ ಊರಿನ ರೂಢಿಯಂತೆ, ‘ಪೊರ್ಬುಲೆ’ ಎಂದು ಕರೆಯುತ್ತಿದ್ದರು, ನಾನು ‘ಅಂಕಲ್’ ಎನ್ನುತ್ತಿದ್ದೆ. ಕುಳ್ಳಗೆ, ಸ್ವಲ್ಪ ದಪ್ಪಗೆ, ಯಾವಾಗಲೂ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ. ಬಸ್ಸಿನಲ್ಲಿ ಅವರ ಜಾಗ ಬಾಗಿಲಿನ ಪಕ್ಕದ ಮೊದಲ ಸೀಟು. ಅಲ್ಲಿಂದ ಡ್ರೈವರನ ಮುಖ ಕನ್ನಡಿಯಲ್ಲಿ ನೇರ ಕಾಣುತ್ತದೆ.

ಎಲ್ಲ ಶುರುವಾದದ್ದು ಆ ಕನ್ನಡಿಯಿಂದ. ನಾನು ಕೆಲಸಕ್ಕೆ ಸೇರುವುದಕ್ಕಿಂತ ಮೊದಲಿನ ಕತೆ ಇದು, ನನಗೆ ಹೇಳಿದವರು ಡ್ರೈವರ್ ಖಾನ್ ಭಾಯ್. ಪೇಶಾವರದ ಕಡೆಯ ಪಠಾಣ, ಎತ್ತರದ ಆಳು, ಮೆಹಂದಿ ಹಚ್ಚಿ ಕೆಂಪಾದ ಗಡ್ಡ. ಆ ದಿನಗಳಲ್ಲಿ ಊರಲ್ಲಿ ಅವರ ಸಣ್ಣ ಮಗಳಿಗೆ ಕಾಯಿಲೆ. ರಾತ್ರಿಯೆಲ್ಲ ಫೋನಿನಲ್ಲೇ ಕಳೆದು ಬೆಳಿಗ್ಗೆ ಸ್ಟೀರಿಂಗ್ ಹಿಡಿಯುತ್ತಿದ್ದರು. ಮೆಸಯೀದ್ ದಾರಿ ಎಂದರೆ ಎರಡೂ ಕಡೆ ಮರಳು, ನೇರ ರಸ್ತೆ. ನಿದ್ದೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ದಿನ ಬಸ್ಸು ಮೆಲ್ಲಗೆ ಪಕ್ಕದ ಲೇನಿಗೆ ಜಾರಿದಾಗ ಅಂಕಲ್ ಕನ್ನಡಿಯಲ್ಲಿ ನೋಡಿದರೆ ಖಾನ್ ಭಾಯಿಯ ರೆಪ್ಪೆ ಮುಚ್ಚಿತ್ತು. ಕಂಪನಿಗೆ ಹೇಳಿದ್ದರೆ ಮರುದಿನ ಬೇರೆ ಡ್ರೈವರ್ ಬರುತ್ತಿದ್ದ. ಇವರು ಹಾಗೆ ಮಾಡದೆ, ಬಸ್ಸಿನ ಹರುಕುಮುರುಕು ಹಿಂದಿಯಲ್ಲಿ ಕೇಳಿದರಂತೆ: “ಖಾನ್ ಭಾಯ್, ನಿನ್ನೆಯ ರೇಸ್ ನೋಡಿದೆಯಾ?”

“ಯಾವ ರೇಸ್?”

“ಕಾರು ರೇಸ್. ಚಕ್ರ ನಾಲ್ಕೂ ಮೈಯಿಂದ ಹೊರಗೆ ಇರ್ತದಲ್ಲ, ಒಬ್ಬನೇ ಕೂರುವ ಕಾರು, ಅದರದ್ದು. ಒಬ್ಬ ಹುಡುಗ ಗುಡ್ಡಗಾಡಿನವನು, ಹೆಸರು ಝಮಾನ್. ಎಲ್ಲರಿಗಿಂತ ಹಿಂದಿನಿಂದ ಶುರು ಮಾಡಿದ...”

ಮೆಸಯೀದ್ ಬರುವವರೆಗೆ ಝಮಾನ್ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದ. ಪ್ಲಾಂಟಿನ ಗೇಟು ತಲುಪಿದಾಗ ಕೊನೆಯ ಸುತ್ತು ಬಾಕಿ ಇತ್ತು. “ಉಳಿದದ್ದು ಸಂಜೆ” ಎಂದು ಇಳಿದುಹೋದರು. ಸಂಜೆ ಖಾನ್ ಭಾಯ್ ಬಸ್ಸನ್ನು ಎಲ್ಲರಿಗಿಂತ ಮೊದಲು ತಂದು ನಿಲ್ಲಿಸಿ ಕಾಯುತ್ತಿದ್ದರಂತೆ. ಯಾವ ದೇಶದ ರೇಸ್ ಎಂದು ಕೇಳಿದಾಗ, ನಿಜವಾದ ದೇಶದ ಹೆಸರು ಹೇಳಿದರೆ ಫೋನಿನಲ್ಲಿ ಹುಡುಕಿಯಾನು ಎಂಬ ಹೆದರಿಕೆಗೆ, ಬಾಯಿಗೆ ಬಂದದ್ದು ‘ಬೆಲ್ಮಾನಿಯಾ’.

“ಗುದ್ದಿ ಎಬ್ಬಿಸಿದರೆ ಒಂದು ಸಲ ಏಳ್ತಾನೆ. ಕತೆ ಹೇಳಿದರೆ ನಾಳೆಗೂ ಎಚ್ಚರ ಇರ್ತಾನೆ” ಎಂದು ಅಂಕಲ್ ಆಮೇಲೆ ನನ್ನ ಹತ್ತಿರ ಹೇಳಿದ್ದುಂಟು. ಖಾನ್ ಭಾಯಿಯ ಮಗಳು ಗುಣವಾದಳು. ರೇಸ್ ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಹಿಂದಿನ ಸೀಟುಗಳೂ ಕಿವಿ ಕೊಡಲು ಶುರು ಮಾಡಿದ್ದವು.

ನಾನು ಆ ಬಸ್ಸು ಹತ್ತಿದಾಗ ಬೆಲ್ಮಾನಿಯಾ ಗೋಲ್ಡ್ ಕಪ್ ಎಂಬುದು ಆಗಲೇ ಬೇರು ಬಿಟ್ಟ ಚಾಂಪಿಯನ್‌ಶಿಪ್ ಆಗಿತ್ತು. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ರೇಸ್ ಇಲ್ಲ. ಮಗು ಹುಟ್ಟಿದ ಕೂಡಲೇ ತಂದೆಯದು ಯಾವ ತಂಡವೋ ಅದರದ್ದೂ ಅದೇ ತಂಡ. ಬಸ್ಸಿನಲ್ಲೂ ಅಷ್ಟೇ. ಖಾನ್ ಭಾಯ್ ಮತ್ತು ನೇಪಾಳಿಗಳು ಝಮಾನ್ ಕಡೆ. ಮಲಯಾಳಿಗಳಿಗೆಲ್ಲ ಬಾರ್ಕೂರಿ ಎಂಬ ಹಳೆಯ ಚಾಂಪಿಯನ್. ಮೊಣಕಾಲು ನೋವು, ಸಿಟ್ಟು ಜಾಸ್ತಿ, ಆದರೆ ಮಳೆಯಲ್ಲಿ ಅವನನ್ನು ಹಿಡಿಯುವವರಿಲ್ಲ. ಕಂಟ್ರೋಲ್ ರೂಮಿನ ಆಪರೇಟರ್ ಸಜೀವನ್ ಎಂಬ ತ್ರಿಶೂರಿನವರು ಬಾರ್ಕೂರಿಯ ವಕೀಲರಂತೆ ವಾದಿಸುತ್ತಿದ್ದರು.

ಶುರು ಮಾಡುವ ಮೊದಲು ಅಂಕಲ್ ಕನ್ನಡಕ ತೆಗೆದು, ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಕನ್ನಡಕ ಇಲ್ಲದಿದ್ದರೆ ಅವರಿಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಬಹುಶಃ ಆಗಲೇ ಬೆಲ್ಮಾನಿಯಾ ಕಾಣುತ್ತಿತ್ತು. ಕಾರಿನ ಸದ್ದನ್ನು ಬಾಯಲ್ಲಿ ಮಾಡುತ್ತಿರಲಿಲ್ಲ. ಕೂಗುತ್ತಲೂ ಇರಲಿಲ್ಲ. ಕಾರುಗಳು ವೇಗ ಹೆಚ್ಚಿಸಿದಷ್ಟೂ ಅವರ ದನಿ ತಗ್ಗುತ್ತಿತ್ತು. ಒಬ್ಬರ ಪಕ್ಕ ಒಬ್ಬರು ಬಂದು ತಿರುವು ಹಿಡಿಯುವ ಹೊತ್ತಿಗೆ ಬಹುತೇಕ ಪಿಸುಮಾತು. ಅಷ್ಟು ಜನ ಗಂಡಸರು ಸೀಟಿನಿಂದ ಮುಂದೆ ಬಾಗಿ ಉಸಿರು ಬಿಗಿಹಿಡಿದು ಕೂತಿರುವುದನ್ನು ಮೊದಲ ಸಲ ನೋಡಿದಾಗ, ಇವರಿಗೆಲ್ಲ ಏನಾಗಿದೆ ಎಂದು ನನಗೆ ಅನ್ನಿಸಿತ್ತು.

ಎರಡನೆಯ ವಾರವೋ ಏನೋ. ಅವರು ಸರ್ಕಿಟ್ಟನ್ನು ವರ್ಣಿಸುತ್ತಿದ್ದರು. “ಇದು ಕಿನಿಗೋಲಿ. ಇಲ್ಲಿಂದ ಸಾಂಕ್ಲಾಕಾರಿಯಾದ ಏರು. ಏರು ಮುಗಿದ ಕೂಡಲೇ ಮುಂಡಿಕೋರಾ ತಿರುವು, ಬಲಕ್ಕೆ ಚರ್ಚು...” ನನಗೆ ಒಮ್ಮೆಲೇ ಮೈ ಜುಂ ಎಂದಿತು. ನನ್ನ ಚಿಕ್ಕಮ್ಮನನ್ನು ಮುಂಡ್ಕೂರಿಗೆ ಕೊಟ್ಟದ್ದು, ಆ ದಾರಿಯ ಊರುಗಳೆಲ್ಲ ನನಗೆ ಗೊತ್ತು. ಮಗ್ಗುಲಿಗೆ ಬಾಗಿ ಕೇಳಿದೆ: “ಅಂಕಲ್, ಇದು ನಮ್ಮ ಕಿನ್ನಿಗೋಳಿ ಅಲ್ವಾ? ಸಂಕಲಕರಿಯ, ಮುಂಡ್ಕೂರು... ಅಯ್ಯೋ, ಬೆಳ್ಮಣ್ಣು! ಬೆಲ್ಮಾನಿಯಾ!”

ಅವರು ಮುಖ ತಿರುಗಿಸದೆಯೇ ಹೇಳಿದರು: “ಶ್! ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಂದಿದ್ದಿ ಮಾರಾಯ್ತಿ. ಸುಮ್ಮನೆ ಕೂತ್ಕೋ.”

ಆಮೇಲೆ ನಾವಿಬ್ಬರೂ ಸ್ನೇಹಿತರಾದೆವು. ಮುಂಬಯಿಯಲ್ಲಿ ಹರೆಯ ಕಳೆದದ್ದನ್ನು ಅವರು ನನಗೆ ಹೇಳಿದ್ದು ಆಗಲೇ. ಅಲ್ಲಿ ಒಂದು ಗ್ಯಾರೇಜಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರಂತೆ. ಬಿಡಿಭಾಗಗಳನ್ನು ಹಳೆಯ ಫಾರಿನ್ ಮ್ಯಾಗಜೀನಿನ ಹಾಳೆಗಳಲ್ಲಿ ಸುತ್ತಿ ಕೊಡುತ್ತಿದ್ದರಂತೆ, ಅದರಲ್ಲಿ ರೇಸಿನ ಫೋಟೋ. “ಹಾಳೆ ಹರಿದಿರ್ತಿತ್ತು. ಅರ್ಧ ಕಾರು ಮಾತ್ರ ಕಾಣ್ತಿತ್ತು. ಉಳಿದರ್ಧವನ್ನು ನಾನೇ ಓಡಿಸಬೇಕಿತ್ತು” ಎಂದು ನಕ್ಕಿದ್ದರು.

ಒಂದು ದಿನ ಛೇಡಿಸಲೆಂದೇ ಕೇಳಿದೆ: “ಅಂಕಲ್, ನಿಮ್ಮ ದೇಶದಲ್ಲಿ ಹೆಂಗಸರು ಕಾರು ಓಡಿಸುವುದಿಲ್ವಾ?”

ಅವರು ನಗಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುವವರಂತೆ ಕಿಟಕಿಯ ಕಡೆ ನೋಡಿದರು. “ಒಬ್ಬಳು ಉಂಟು. ಲುಸೀನಾ ಅಂತ. ಕೆಳಗಿನ ಕ್ಲಾಸಿನ ರೇಸಿನಲ್ಲಿದ್ದಾಳೆ. ಮೇಲೆ ಬರಲಿಕ್ಕೆ ಇನ್ನೂ ಸಮಯ ಬೇಕು.”

ವಾರಗಳು ಕಳೆದವು. ನಾನು ಮರೆತಿದ್ದೆ. ಹೊಸ ಸೀಸನ್ನಿನ ಮೊದಲ ದಿನ, ಸಾಲಿನಲ್ಲಿ ನಿಂತ ಕಾರುಗಳನ್ನು ಒಂದೊಂದಾಗಿ ಹೇಳುತ್ತ ಕೊನೆಗೆ ಬಂದು, “ಎಲ್ಲರಿಗಿಂತ ಹಿಂದೆ, ಬಿಳಿ ಕಾರು, ಲುಸೀನಾ” ಎಂದರು. ಅವಳ ತಂದೆ ಮೀನಿನ ದೋಣಿಯ ಇಂಜಿನ್ ರಿಪೇರಿಯವನು, ಅವಳಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ಎಡಗಡೆಯಿಂದ ಬರುವವರನ್ನು ಕನ್ನಡಿಯಲ್ಲಿ ಎರಡೆರಡು ಸಲ ನೋಡುತ್ತಾಳೆ. ಅಂದಿನಿಂದ ನಾನು ಲುಸೀನಾಳ ಕಡೆ. ಆ ವರ್ಷ ಅವಳು ಒಂದು ರೇಸನ್ನೂ ಗೆಲ್ಲಲಿಲ್ಲ. ತಡೆಯಲಾಗದೆ ಕೇಳಿದೆ: “ನೀವೇ ಹೇಳುವ ಕತೆ ಅಲ್ವಾ ಅಂಕಲ್, ಒಂದಾದರೂ ಗೆಲ್ಲಿಸಬಾರದಾ?”

“ಗೆಲ್ಲಿಸಲಿಕ್ಕೆ ನಾನು ಯಾರು?” ಎಂದರು. ಮಾತಿನಲ್ಲಿ ಸಣ್ಣ ಸಿಟ್ಟೂ ಇತ್ತು. “ಅವಳೇ ಗೆಲ್ಲಬೇಕು.”

ನನಗೆ ಅವರ ಬಗ್ಗೆ ಬೆರಗು ಹುಟ್ಟಿದ್ದು ಇಲ್ಲಿಂದ. ಹಿಂದಿನ ವರ್ಷ ಯಾರ ಗೇರ್‌ಬಾಕ್ಸ್ ಎಲ್ಲಿ ಕೈಕೊಟ್ಟಿತು ಎಂಬುದು ಅವರಿಗೆ ನೆನಪಿತ್ತು ಎನ್ನುವುದು ದೊಡ್ಡ ಮಾತಲ್ಲ, ಸಜೀವನ್‌ಗೂ ನೆನಪಿರುತ್ತಿತ್ತು. ಆದರೆ ತಾನೇ ಕಟ್ಟಿದ ಊರಿನಲ್ಲಿ ಅವರು ಯಜಮಾನಿಕೆ ಮಾಡಲಿಲ್ಲ. ಅಲ್ಲಿ ಆದದ್ದನ್ನು ನಮಗೆ ಬಂದು ಹೇಳುವ ಮನುಷ್ಯನಂತೆ ಇದ್ದರು.

ಒಂದೇ ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಬೆಲ್ಮಾನಿಯಾದಲ್ಲಿ ಅಪಘಾತಗಳಾಗುತ್ತಿದ್ದವು, ಯಾರೂ ಸಾಯುತ್ತಿರಲಿಲ್ಲ. ಅಲ್ಲಿ ಪ್ರತಿಯೊಬ್ಬ ಡ್ರೈವರನಿಗೂ ಮೊದಲ ದಿನ ಕಲಿಸುವ ಪಾಠ ಒಂದಿತ್ತು: ಕಾರು ದಾರಿಯಲ್ಲಿ ನಿಂತುಹೋದರೆ ಮೊದಲು ಗೋಡೆಯ ಆಚೆ, ಅಳು ಆಮೇಲೆ. ಹಿಂದಿನಿಂದ ಬರುವವನಿಗೆ ನೀನು ಕಾಣುವುದಿಲ್ಲ. ಇಂಜಿನ್ ಏನಾಯಿತು, ಕಪ್ ಹೋಯಿತಾ, ಇದನ್ನೆಲ್ಲ ಗೋಡೆಯ ಆಚೆ ಕೂತು ಯೋಚಿಸು. ಯಾರ ಕಾರು ಕೆಟ್ಟು ನಿಂತರೂ ಅವರು ಅರೆಗಳಿಗೆ ಸುಮ್ಮನಾಗುತ್ತಿದ್ದರು, ಬಸ್ಸಿಡೀ ಒಟ್ಟಿಗೆ ಹೇಳುತ್ತಿತ್ತು: “ಗೋಡೆಯ ಆಚೆ!” ಹಿಂದಿಯಲ್ಲಿ, ಮಲಯಾಳದಲ್ಲಿ, ನೇಪಾಳಿಯಲ್ಲಿ, ತುಳುವಿನಲ್ಲಿ. ಅದೊಂದು ಆಟದಂತೆ ಆಗಿತ್ತು.

ದೋಹಾದ ಪಕ್ಕದ ಲುಸೈಲ್‌ನಲ್ಲಿ ನಿಜವಾದ ದೊಡ್ಡ ರೇಸ್ ನಡೆದ ವರ್ಷ ನನ್ನ ಗಂಡನ ಆಫೀಸಿನಿಂದ ಟಿಕೆಟ್ ಸಿಕ್ಕಿತು. ಅಂಕಲ್‌ನನ್ನು ಕರೆದುಕೊಂಡು ಹೋಗದೆ ಇರುವುದುಂಟೇ? ಅವರು ಮದುವೆಗೆ ಹೊರಟವರಂತೆ ಕೋಟು ಹಾಕಿಕೊಂಡು ಬಂದರು. ಕಾರುಗಳು ಮೊದಲ ಸಲ ನಮ್ಮ ಎದುರು ಹಾದುಹೋದಾಗ ಅವರ ಎರಡೂ ಕೈ ಎದೆಯ ಮೇಲಿತ್ತು. ಬಾಯಿ ತೆರೆದೇ ಇತ್ತು. ಮರುದಿನ ಬಸ್ಸಿನಲ್ಲಿ ಎಲ್ಲರೂ ಮುಗಿಬಿದ್ದು ಕೇಳಿದರು, ಹೇಗಿತ್ತು, ಹೇಗಿತ್ತು ಎಂದು.

“ಭಾರೀ ಚಂದ” ಎಂದರು. ಆಮೇಲೆ ಸೇರಿಸಿದರು: “ಆದರೆ ಅಲ್ಲಿ ಕೂತರೆ ಯಾರಿಗೆ ಮನೆಯಲ್ಲಿ ಏನು ಕಷ್ಟ ಉಂಟು ಅಂತ ಗೊತ್ತಾಗುವುದಿಲ್ಲ.”

ಇನ್ನು ಮಂಜು ಕವಿದ ಒಂದು ಬೆಳಗಿನ ವಿಷಯಕ್ಕೆ ಬರುತ್ತೇನೆ.

ಇಲ್ಲಿಯ ಚಳಿಗಾಲದಲ್ಲಿ ಕೆಲವು ದಿನ ಸಮುದ್ರದ ಕಡೆಯಿಂದ ಮಂಜು ಬಂದು ರಸ್ತೆಯನ್ನು ನುಂಗಿಬಿಡುತ್ತದೆ. ಆ ದಿನ ಕಾರ್ಮಿಕರ ವಸತಿಯಾದ ಬರ್ವಾ ಅಲ್ ಬರಾಹಾದ ಹತ್ತಿರ ನೇಪಾಳಿಗಳನ್ನು ಹತ್ತಿಸಿಕೊಂಡು ಹೆದ್ದಾರಿಗೆ ಬರುವಾಗ ಬಸ್ಸಿನ ಮುಂದೆ ಹಾಲು ಚೆಲ್ಲಿದ ಹಾಗಿತ್ತು. ಗೋಲ್ಡ್ ಕಪ್ಪಿನ ಕೊನೆಯ ರೇಸ್ ಒಂದೇ ಬಾಕಿ. ಝಮಾನ್ ಮತ್ತು ಲುಸೀನಾ ಸಮಸಮ, ಅವರಲ್ಲಿ ಯಾರು ಮುಂದೆ ಬರುತ್ತಾರೋ ಅವರಿಗೆ ಕಪ್. ಆ ದಿನ ಅದು ಶುರುವಾಗಬೇಕಿತ್ತು. ಅಂಕಲ್ ವಾಡಿಕೆಯಂತೆ ಕನ್ನಡಕ ತೆಗೆದರು. ಹೊರಗೆ ನೋಡಿದರು. ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಇವತ್ತು ಬೆಲ್ಮಾನಿಯಾದಲ್ಲೂ ಮಂಜು” ಎಂದರು. “ರೇಸ್ ನಿಲ್ಲಿಸಿದ್ದಾರೆ. ಖಾನ್ ಭಾಯ್, ಈಗ ಟ್ರ್ಯಾಕಿನಲ್ಲಿ ಇರುವುದು ನೀನೊಬ್ಬನೇ.”

ಆಮೇಲೆ ಯಾರೂ ಮಾತಾಡಲಿಲ್ಲ. ಖಾನ್ ಭಾಯ್ ಮುಂದಕ್ಕೆ ಬಾಗಿ, ಬಸ್ಸನ್ನು ಎತ್ತಿನ ಗಾಡಿಯ ಹಾಗೆ ನಡೆಸುತ್ತಿದ್ದರು. ಇದ್ದಕ್ಕಿದ್ದಂತೆ ಮಂಜಿನೊಳಗಿಂದ ಅಡ್ಡ ತಿರುಗಿ ನಿಂತ ಒಂದು ಪಿಕಪ್ ಎದ್ದು ಬಂತು. ಬ್ರೇಕ್ ಹಾಕಿದ ರಭಸಕ್ಕೆ ನಾವೆಲ್ಲ ಮುಂದಿನ ಸೀಟಿಗೆ ಬಡಿದೆವು. ಬಸ್ಸು ಪಿಕಪ್ಪಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನಿಂತಿತು. ಪಿಕಪ್ಪಿನ ಆಚೆ ಇನ್ನೂ ಎರಡು ಮೂರು ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ನಿಂತಿದ್ದವು. ಎಲ್ಲರೂ ದೊಡ್ಡ ಉಸಿರು ಬಿಟ್ಟರು. ಬಚಾವಾದೆವು ಎಂದುಕೊಂಡೆವು. ಹಿಂದೆ ಯಾರೋ ನಕ್ಕರು ಕೂಡ. ಯಾರೋ ವೀಡಿಯೋ ತೆಗೆಯಲು ಫೋನ್ ಎತ್ತಿದರು.

ಆಗ ಅಂಕಲ್ ಎದ್ದು ನಿಂತರು. ಅಷ್ಟು ವರ್ಷಗಳಲ್ಲಿ ಅವರ ಏರಿದ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ.

“ರೆಡ್ ಫ್ಲಾಗ್! ಗೋಡೆಯ ಆಚೆ! ಎಲ್ಲರೂ ಗೋಡೆಯ ಆಚೆ! ಯಲ್ಲಾ! ಬೇಗ!”

ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಭಾಷೆಗಳ ಅಷ್ಟು ಜನ, ಒಬ್ಬರಿಗೊಬ್ಬರು ವಿವರಿಸಲು ಹೋಗಿದ್ದರೆ ಅಲ್ಲೇ ಕೂತಿರುತ್ತಿದ್ದೆವು. ಬ್ಯಾಗು, ಬುತ್ತಿ ಎಲ್ಲ ಬಿಟ್ಟು, ಬಾಗಿಲಿನಿಂದ ಹಾರಿ, ರಸ್ತೆಯ ಅಂಚಿನ ಕಬ್ಬಿಣದ ತಡೆಗೋಡೆ ದಾಟಿ ಮರಳಿಗೆ ಬಿದ್ದೆವು. ನನ್ನ ಮೊಣಕೈ ಹಿಡಿದು ದಾಟಿಸಿದವರು ಅವರೇ. ಸಜೀವನ್ ಪಿಕಪ್ಪಿನಲ್ಲಿದ್ದ ಇಬ್ಬರನ್ನು ಎಳೆದು ತಂದರು, ಅವರ ಮುಂದಿನ ಕಾರುಗಳವರೂ ನಮ್ಮನ್ನು ನೋಡಿ ಇಳಿದು ಓಡಿಬಂದರು. ಕೊನೆಯಲ್ಲಿ ಹಿಂದಿನ ಸಾಲಿನಲ್ಲಿ ಟೋಪಿ ಮುಖಕ್ಕೆ ಎಳೆದು ಮಲಗಿದ್ದ ಒಬ್ಬ ನೇಪಾಳಿಯನ್ನು ಖಾನ್ ಭಾಯ್ ಹೆಗಲಿಗೆ ಹಾಕಿಕೊಂಡ ಹಾಗೆ ತಂದು ಬಾಗಿಲಿನಿಂದ ಹೊರಗೆ ನೂಕಿದರು. ತಾವು ಇಳಿಯಬೇಕು ಎನ್ನುವಷ್ಟರಲ್ಲಿ ಮಂಜಿನೊಳಗಿಂದ ಒಂದು ಟ್ರೇಲರ್ ಬಂದು ಬಸ್ಸಿನ ಬೆನ್ನಿಗೆ ಗುದ್ದಿತು.

ಆ ಸದ್ದನ್ನು ನಾನು ಬರೆಯಲಾರೆ. ಹಿಂದಿನ ಅಷ್ಟೂ ಸೀಟುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಗುದ್ದಿದ ರಭಸ ಖಾನ್ ಭಾಯಿಯನ್ನು ಬಾಗಿಲಿನಿಂದ ಹೊರಗೆ ಎಸೆದಿತ್ತು, ಹೆಗಲ ಮೂಳೆ ಮುರಿದಿತ್ತು. ಟ್ರೇಲರಿನವನಿಗೂ ಗಾಯ. ಸತ್ತವರು ಯಾರೂ ಇಲ್ಲ.

ಅಂಕಲ್ ಮರಳಿನಲ್ಲಿ ನಡೆದು ಪ್ರತಿಯೊಬ್ಬರ ತಲೆಯನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕೊನೆಗೆ ನನ್ನ ಹತ್ತಿರ ಬಂದು ಕೂತರು. “ನನ್ನ ಕೈ ಸ್ವಲ್ಪ ಹಿಡ್ಕೋ ಮಗಾ” ಎಂದರು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಬಸ್ಸು ಗುತ್ತಿಗೆ ಕಂಪನಿಯದ್ದು. ಅಪಘಾತಕ್ಕೆ ಒಂದು ತಪ್ಪು ಬೇಕಲ್ಲ, ಅದನ್ನು ಅವರು ಡ್ರೈವರನಲ್ಲಿ ಹುಡುಕಿದರು. ಒಬ್ಬ ಪ್ರಯಾಣಿಕ ದಿನಾ ಡ್ರೈವರನ ಪಕ್ಕ ಕೂತು ಕಾಮೆಂಟ್ರಿ ಹೇಳುತ್ತಾನೆ, ಡ್ರೈವರನ ಗಮನ ಅಲ್ಲಿತ್ತು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅದು ನಿಜವೆಂದಾದರೆ ಖಾನ್ ಭಾಯಿಯ ಕೆಲಸ ಹೋಗುತ್ತದೆ, ಮುರಿದ ಹೆಗಲು ಹೊತ್ತು ಊರಿಗೆ ಮರಳಬೇಕು. ವಿಚಾರಣೆಗೆ ಈಜಿಪ್ಟಿನ ಒಬ್ಬ ಅಧಿಕಾರಿ ಬಂದರು. ಸೌಮ್ಯ ಮನುಷ್ಯ. ನಮ್ಮನ್ನೆಲ್ಲ ಬೇರೆ ಬೇರೆಯಾಗಿ ಕೂರಿಸಿ ಇಂಗ್ಲಿಷಿನಲ್ಲಿ ಕೇಳಿದರು.

“ಆ ದಿನ ಬೆಳಿಗ್ಗೆ ಆ ವ್ಯಕ್ತಿ ಡ್ರೈವರನ ಜೊತೆ ಮಾತಾಡುತ್ತಿದ್ದರಾ?”

“ಇಲ್ಲ ಸರ್” ಎಂದೆ. “ಆ ದಿನ ಬೆಲ್ಮಾನಿಯಾದಲ್ಲೂ ಮಂಜು ಇತ್ತು. ರೇಸ್ ನಿಲ್ಲಿಸಿದ್ದರು.”

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ತಿಳಿಯಿತು, ನನಗಿಂತ ಮೊದಲು ಹೋದವರೂ, ನಂತರ ಹೋದವರೂ ಇದನ್ನೇ ಹೇಳಿದ್ದರು. ಸಜೀವನ್ ಸರದಿ ಬಂದಾಗ ಅಧಿಕಾರಿಗೆ ಅನುಮಾನ ಗಟ್ಟಿಯಾಗಿತ್ತು. “ನಿಮಗೆಲ್ಲ ಹೀಗೆ ಹೇಳಲು ಯಾರು ಕಲಿಸಿಕೊಟ್ಟರು?”

ಸಜೀವನ್ ಹೇಳಿದರಂತೆ: “ಸರ್, ಕಲಿಸಿಕೊಡುವವರು ಇಷ್ಟು ಹುಚ್ಚು ಉತ್ತರವನ್ನು ಕಲಿಸಿಕೊಡುತ್ತಾರಾ?”

ಎಲ್ಲರಿಗಿಂತ ಕೊನೆಗೆ ಅಂಕಲ್‌ನನ್ನು ಕರೆದರು. ಒಳಗೆ ಆದದ್ದನ್ನು ಆ ಅಧಿಕಾರಿಯೇ ನಂತರ ನಮ್ಮ ಮುಂದೆ ಹೇಳಿದರು. ಅಂಕಲ್ ಹೇಳಿದ್ದು ಇಷ್ಟು: “ಬೇರೆ ದಿನ ನಾನು ಮಾತಾಡುತ್ತಿದ್ದದ್ದು ನಿಜ. ಅದು ತಪ್ಪಾದರೆ ನನ್ನ ತಪ್ಪು, ನನ್ನ ಮೇಲೆ ಹಾಕಿ. ಖಾನನ ಮೇಲೆ ಹಾಕಬೇಡಿ. ಆ ದಿನ ಅವನು ಬಸ್ಸು ನಿಲ್ಲಿಸದೆ ಹೋಗಿದ್ದರೆ, ಗೋಡೆ ದಾಟಲಿಕ್ಕೆ ನಾವು ಇರುತ್ತಿರಲಿಲ್ಲ.”

ಖಾನ್ ಭಾಯಿಯ ಕೆಲಸ ಉಳಿಯಿತು. ಹೆಗಲು ಕೂಡಿದ ಮೇಲೆ ಅವರೇ ಹೊಸ ಬಸ್ಸು ತಂದರು. ಆದರೆ ಅಂಕಲ್‌ಗೆ ಎಚ್ಚರಿಕೆ ಕೊಟ್ಟಿದ್ದರು. ಡ್ರೈವರನ ಸೀಟಿನ ಹಿಂದೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದ್ದರು, ಬಸ್ಸು ಓಡುವಾಗ ಡ್ರೈವರನ ಜೊತೆ ಮಾತು ಕೂಡದು ಎಂದು. ಮೊದಲ ದಿನ ಅವರು ಬಸ್ಸು ಹತ್ತಿ, ನಿಂತು ಅದನ್ನು ಪೂರ್ತಿ ಓದಿದರು. ತಲೆ ಆಡಿಸಿದರು. ತಮ್ಮ ಸೀಟಿನಲ್ಲಿ ಕೂರದೆ ಕಟ್ಟಕಡೆಯ ಸಾಲಿಗೆ ಹೋಗಿ ಕಿಟಕಿಯ ಪಕ್ಕ ಕೂತರು.

ಹಿಂದೆ ಕೂತೇ ಹೇಳಿ ಎಂದು ನಾವು ಬೇಡಿಕೊಂಡೆವು. “ಬೇಡ. ನಾನು ಇಲ್ಲಿ ಹೇಳಿದರೆ ಖಾನ್ ಅಲ್ಲಿಂದ ತಿರುಗಿ ನೋಡ್ತಾನೆ” ಎಂದರು. “ನಿಯಮ ಅಂದರೆ ನಿಯಮ. ಅದರಲ್ಲಿ ತಪ್ಪೇನಿಲ್ಲ.” ಬೇಸರವೂ ಇಲ್ಲ, ಮುನಿಸೂ ಇಲ್ಲ. ಸುಮ್ಮನೆ ಮರಳು ನೋಡುತ್ತ ಕೂರುತ್ತಿದ್ದರು. ಬಸ್ಸು ಬೇರೆ ಎಲ್ಲ ಬಸ್ಸುಗಳ ಹಾಗೆ ಆಯಿತು. ಎಲ್ಲರೂ ಫೋನ್ ನೋಡಿಕೊಂಡು, ಬಾಯಿ ತೆರೆದು ನಿದ್ದೆ ಮಾಡಿಕೊಂಡು ಹೋಗಿ ಬರುತ್ತಿದ್ದೆವು. ಒಂದು ದಿನ ಸಜೀವನ್ ತಾವೇ ಎದ್ದು ಕೊನೆಯ ರೇಸನ್ನು ಹೇಳಲು ನೋಡಿದರು. ಅವರ ಬಾಯಲ್ಲಿ ಕಾರುಗಳು ಸ್ಟಾರ್ಟೇ ಆಗಲಿಲ್ಲ. ನಾಚಿ ಕೂತುಬಿಟ್ಟರು. ಆ ರೇಸ್ ಹಾಗೇ ಉಳಿಯಿತು.

ಮುಂದಿನ ಚಳಿಗಾಲದಲ್ಲಿ ಅಂಕಲ್‌ಗೆ ನಿವೃತ್ತಿ. ಕೊನೆಯ ದಿನ ಆಫೀಸಿನಲ್ಲಿ ಕೇಕು, ಭಾಷಣ, ಫೋಟೋ ಎಲ್ಲ ಆಯಿತು. ಸಂಜೆ ನಾವೆಲ್ಲ ಬಸ್ಸು ಹತ್ತಿ ಕೂತೆವು. ಅವರೂ ಹಿಂದಿನ ಸಾಲಿನಲ್ಲಿ ಕೂತರು. ಹೊರಡುವ ಹೊತ್ತಾಯಿತು. ಬಸ್ಸು ಹೊರಡಲಿಲ್ಲ. ನೋಡಿದರೆ ಖಾನ್ ಭಾಯ್ ಇಂಜಿನ್ ಆರಿಸಿ, ಕೀಲಿ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಸೀಟಿನಿಂದ ಎದ್ದು ಪ್ರಯಾಣಿಕರ ಕಡೆ ತಿರುಗಿ ನಿಂತಿದ್ದಾರೆ.

“ಉಸ್ತಾದ್” ಎಂದರು. ಅಂಕಲ್‌ನನ್ನು ಖಾನ್ ಭಾಯ್ ಕರೆಯುತ್ತಿದ್ದದ್ದು ಹಾಗೆ. “ಬಸ್ಸು ನಿಂತಿದೆ. ಕೀಲಿ ನನ್ನ ಕೈಯಲ್ಲಿದೆ. ಈಗ ನಾನು ಡ್ರೈವರ್ ಅಲ್ಲ.”

ಹೇಳಿ, ಬಂದು ನನ್ನ ಹಿಂದಿನ ಖಾಲಿ ಸೀಟಿನಲ್ಲಿ ಪ್ರಯಾಣಿಕರ ಹಾಗೆ ಕೂತರು.

ಅಂಕಲ್ ಎದ್ದು ಮುಂದೆ ಬಂದರು. ಕನ್ನಡಕ ತೆಗೆದು ಕಿಸೆಗೆ ಹಾಕಿದರು. “ಮಂಜು ಕರಗಿತು” ಎಂದು ಶುರು ಮಾಡಿದರು.

ರಾಜಧಾನಿಯ ಬೀದಿಗಳಲ್ಲಿ ರೇಸ್, ಒಂದು ಪಕ್ಕ ಸಮುದ್ರ. ಹೊರಗೆ ಪ್ಲಾಂಟಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಪಕ್ಕದ ಬಸ್ಸಿನವರು ಇಳಿದು ಬಂದು ನಮ್ಮ ಬಾಗಿಲಲ್ಲಿ ನಿಂತು ಕೇಳಿದರು. ನಡುವೆ ಒಂದು ಕಡೆ ಬಾರ್ಕೂರಿಯ ಕಾರು ನಿಧಾನವಾಯಿತು. ಅವನು ಅದನ್ನು ಅಂಚಿಗೆ ತಂದು ನಿಲ್ಲಿಸಿದ, ಗೋಡೆ ದಾಟಿದ, ಹೆಲ್ಮೆಟ್ ತೆಗೆದು ಜನರ ನಡುವೆ ನಿಂತು ಉಳಿದ ರೇಸ್ ನೋಡತೊಡಗಿದ. ಪಕ್ಕದವರಿಗೆ ಅವನ ಗುರುತು ಸಿಗಲಿಲ್ಲ. ಸಜೀವನ್ ಕರ್ಚೀಫು ಹುಡುಕುತ್ತಿದ್ದರು.

ಕೊನೆಯ ಸುತ್ತು. ಕೊನೆಯ ತಿರುವು. ಝಮಾನ್ ಒಳಗಡೆ, ಲುಸೀನಾ ಹೊರಗಡೆ, ಗಾಲಿಗೆ ಗಾಲಿ. ಅವರ ದನಿ ಎಷ್ಟು ತಗ್ಗಿತ್ತೆಂದರೆ ನಾನು ತುಟಿಯನ್ನು ನೋಡಿ ತಿಳಿದುಕೊಂಡೆ. ಲುಸೀನಾಳ ಗಾಲಿ ಗೋಡೆಯನ್ನು ಸವರಿತು, ಕಿಡಿ ಹಾರಿತು, ಝಮಾನ್ ಒಂದು ಕೈಯಳತೆ ಮುಂದೆ ಗೆರೆ ದಾಟಿದ.

ಅವರು ಕನ್ನಡಕ ಹಾಕಿಕೊಂಡರು. “ಮುಗೀತು.”

“ಕಪ್ ಝಮಾನ್‌ಗೆ!” ನೇಪಾಳಿಗಳು ಎದ್ದು ಕೂಗಿದರು.

“ಅವಸರ ಬೇಡ” ಎಂದರು ಅವರು. “ಪಕ್ಕದಲ್ಲಿ ಇರುವವನಿಗೆ ಒಂದು ಕಾರಿನಷ್ಟು ಜಾಗ ಬಿಡಬೇಕು, ಅದು ಅಲ್ಲಿಯ ನಿಯಮ. ಝಮಾನ್ ಬಿಟ್ಟಿದ್ದರೆ ಕಪ್ ಅವನದ್ದು. ಬಿಡದಿದ್ದರೆ ಲುಸೀನಾಳದ್ದು. ತೀರ್ಪುಗಾರರು ಹೇಳಬೇಕು.”

“ತೀರ್ಪುಗಾರರು ಎಲ್ಲಿ ಅಂಕಲ್?” ಎಂದೆ.

ಅವರು ಇಡೀ ಬಸ್ಸಿನ ಮೇಲೆ ಕೈ ಆಡಿಸಿದರು. “ಇಲ್ಲೇ ಕೂತಿದ್ದಾರಲ್ಲ. ಎಲ್ಲರೂ ಕಣ್ಣಾರೆ ನೋಡಿದ್ದೀರಿ. ನೀವೇ ಹೇಳಿ.”

ಇಷ್ಟು ಹೇಳಿ ಹಿಂದಿನ ಸಾಲಿಗೆ ನಡೆದುಹೋದರು. ಖಾನ್ ಭಾಯ್ ಇಂಜಿನ್ ಹಾಕಿದರು. ಗೇಟು ದಾಟುವ ಮೊದಲೇ ಜಗಳ ಹೊತ್ತಿಕೊಂಡಿತು. ಜಾಗ ಬಿಟ್ಟಿದ್ದ ಎಂದು ನೇಪಾಳಿಗಳು. ಬಿಟ್ಟಿದ್ದರೆ ಗಾಲಿ ಗೋಡೆಗೆ ಯಾಕೆ ತಾಗಿತು ಎಂದು ನಾನು. ಅವಳು ಎಡಗಡೆ ತಡವಾಗಿ ನೋಡಿದಳು ಎಂದು ಒಬ್ಬ. ಎರಡು ಸಲ ನೋಡಿದ್ದನ್ನು ನಾನು ಕಂಡಿದ್ದೇನೆ ಎಂದು ನಾನು ಎದ್ದು ನಿಂತೇ ಕೂಗಿದೆ. ಸಜೀವನ್ ಮೊದಲು ನನ್ನ ಕಡೆ ಇದ್ದವರು ಅರ್ಧದಲ್ಲಿ ಆಚೆ ಪಕ್ಷಕ್ಕೆ ಹೋದರು. ಒಬ್ಬರು ಕೈಯನ್ನೇ ಕಾರು ಮಾಡಿ ತಿರುವು ತೋರಿಸಿದರು, ಇನ್ನೊಬ್ಬರು ಆ ಕೈಯನ್ನು ಹಿಡಿದು ಹೀಗಲ್ಲ ಹೀಗೆ ಎಂದು ತಿದ್ದಿದರು. ಬರ್ವಾದಲ್ಲಿ ಇಳಿಯಬೇಕಾದವರಲ್ಲಿ ಕೆಲವರು ಇಳಿಯದೆ, ಮಾತು ಮುಗಿಸಿಯೇ ಹೋಗುತ್ತೇವೆಂದು ದೋಹಾದವರೆಗೂ ಬಂದರು. ಖಾನ್ ಭಾಯ್ ಮಾತ್ರ ಕೆಂಪು ಗಡ್ಡ ಬಿಗಿಹಿಡಿದು ರಸ್ತೆಯನ್ನೇ ನೋಡುತ್ತಿದ್ದರು.

ಉಮ್ಮ್ ಸಲಾಲ್‌ಗೆ ಹೋಗುವ ನಾವು ಕೊನೆಗೆ ಇಳಿಯುವವರು. ನಗರ ಬಿಟ್ಟು ಬಸ್ಸು ಉತ್ತರಕ್ಕೆ ತಿರುಗಿದ ಮೇಲೆ, ಇನ್ನು ಅಂಕಲ್‌ನನ್ನೇ ಕೇಳೋಣ ಎಂದು ನಾನು ಹಿಂದಿನ ಸಾಲಿಗೆ ತಿರುಗಿದೆ. ಸೀಟು ಖಾಲಿ ಇತ್ತು. ಅವರು ಇಳಿಯುವ ನಜ್ಮಾ ಸ್ಟಾಪು ಯಾವಾಗಲೋ ದಾಟಿಹೋಗಿತ್ತು. ನಾವು ಯಾರೂ ಅವರಿಗೆ ಕೈ ಕೊಟ್ಟಿರಲಿಲ್ಲ, ಹೋಗಿ ಬನ್ನಿ ಎಂದಿರಲಿಲ್ಲ.

ಬಸ್ಸು ನಿಂತ ಮೇಲೆ ಖಾನ್ ಭಾಯಿಯನ್ನು ಕೇಳಿದೆ: “ಅವರು ಇಳಿಯುವಾಗ ನಮಗೆ ಹೇಳಬಾರದಿತ್ತಾ?”

“ಹೇಳಲೆಂದು ಬಾಯಿ ತೆರೆದೆ” ಎಂದರು ಖಾನ್ ಭಾಯ್. “ಉಸ್ತಾದ್ ನನ್ನ ಹೆಗಲು ಮುಟ್ಟಿದರು. ನೀವು ಜಗಳವಾಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಸದ್ದಾಗದ ಹಾಗೆ ಮೆಟ್ಟಿಲು ಇಳಿದರು.”